ದೊಡ್ಡಮನೆಯ ವೈಫೈ

ಹಗರೆಯಲ್ಲಿ ಬಸ್ಸಿಳಿದು ದೊಡ್ಡಮನೆ ಎಲ್ಲಿ ಎಂದು ಕೇಳಿದರೆ, ಹೋಟೆಲಿನ ಮುಂದೆ ಕೂತವರು ದಾರಿ ತೋರಿಸುವ ಮೊದಲು "ಯಾವ ದೊಡ್ಡಮನೆ?" ಎಂದು ಕೇಳುತ್ತಾರೆ. ಇರುವುದು ಒಂದೇ ಮನೆ. ಅದರ ನಡುಮನೆಗೆ ಅಡ್ಡಲಾಗಿ ಈಚೆಗೆ ಒಂದು ಗೋಡೆ ಎದ್ದಿದೆ, ಅಷ್ಟೆ. ಗೋಡೆಯ ಈಚೆ ಅಣ್ಣ ಚಿಕ್ಕಣ್ಣ, ಆಚೆ ತಮ್ಮ ತಮ್ಮಯ್ಯ. ಅಪ್ಪ ತೀರಿಕೊಂಡ ಮೇಲೆ ಭಾಗವಾದಾಗ ತೆಂಗಿನ ತೋಟ, ಹೊಲ, ದನ, ನೀರೊಲೆಯ ಹಂಡೆ ಎಲ್ಲವೂ ತಕರಾರಿಲ್ಲದೆ ಎರಡು ಪಾಲಾದವು. ಪಾಲಾಗದೆ ಉಳಿದದ್ದು ಹೆಸರು. ಹಿರಿಮಗ ಇರುವ ಕಡೆಯೇ ದೊಡ್ಡಮನೆ ಎಂದು ಚಿಕ್ಕಣ್ಣ. ದೇವರ ಕೋಣೆ ತನ್ನ ಪಾಲಿಗೆ ಬಂದಿರುವಾಗ ದೊಡ್ಡಮನೆ ಬೇರೆ ಎಲ್ಲಿರುತ್ತದೆ ಎಂದು ತಮ್ಮಯ್ಯ. ಇಬ್ಬರೂ ತಮ್ಮ ತಮ್ಮ ಬಾಗಿಲ ಮೇಲೆ ಅದೇ ಹೆಸರು ಬರೆಸಿದರು. ಅಂದಿನಿಂದ ಮಾತು ನಿಂತಿತು. ಡೈರಿಯ ಸಾಲಿನಲ್ಲಿ ಹಿಂದೆ ಮುಂದೆ ನಿಂತರೂ ಒಬ್ಬರ ಕ್ಯಾನಿನ ಕಡೆ ಇನ್ನೊಬ್ಬರು ಕಣ್ಣು ಹಾಯಿಸುವುದಿಲ್ಲ.

ಈಚೆಯ ದೊಡ್ಡಮನೆಯ ಸೊಸೆ ಶಿಲ್ಪಶ್ರೀ ಅರಸೀಕೆರೆಯವಳು. ಹಗಲು ಕೊಬ್ಬರಿ ಮಂಡಿಯೊಂದರಲ್ಲಿ ಕೆಲಸ ಮಾಡಿ, ಸಂಜೆ ಕಾಲೇಜಿಗೆ ಹೋಗಿ ಬಿ.ಕಾಂ. ಮುಗಿಸಿದ್ದಳು. ಹಗಲು ಕಾಲೇಜಿನಲ್ಲಿ ಓದಿದವರಿಗೆ ಏನೋ ಒಂದನ್ನು ಹೆಚ್ಚಾಗಿ ಹೇಳಿಕೊಟ್ಟಿರುತ್ತಾರೆ, ಅದು ತನಗೆ ತಪ್ಪಿಹೋಗಿದೆ ಎಂಬ ಅಳುಕು ಮದುವೆಯಾಗಿ ಬಂದ ಮೇಲೂ ಅವಳನ್ನು ಬಿಟ್ಟಿರಲಿಲ್ಲ. ಗಂಡ ಅರುಣ್‌ಕುಮಾರ್ ಬೇಲೂರಿನಲ್ಲಿ ಟ್ರ್ಯಾಕ್ಟರ್ ಬಿಡಿಭಾಗ ಮಾರುವ ಅಂಗಡಿಯಲ್ಲಿದ್ದ. ಅಂಗಡಿಗೆ ಹೊಸ ಕಂಪ್ಯೂಟರ್ ಬಂದಾಗ ಹಳೆಯದನ್ನು ತಂದು ಹಿಂದಿನ ಕೋಣೆಯಲ್ಲಿ, ಹೊಸ ಗೋಡೆಗೆ ಒರಗಿಸಿ ಇಟ್ಟಿದ್ದ.

ಆ ಕಂಪ್ಯೂಟರಿನ ಮುಂದೆ ಕೂತು ಏಳನೇ ತರಗತಿಯ ಮಕ್ಕಳಿಗೆ ಗಣಿತ ಹೇಳುವ ಕೆಲಸವನ್ನು ಶಿಲ್ಪಶ್ರೀ ಹಿಡಿದಳು. ಹಾಸನದ ಒಂದು ಟ್ಯೂಷನ್ ಕೇಂದ್ರದ್ದು. "ಒಂದು ತಿಂಗಳು ನೋಡ್ತೀವಿ ಶಿಲ್ಪಶ್ರೀ. ಕೊನೆಯಲ್ಲಿ ನಾನೇ ಕೂತು ಒಂದು ಪಾಠ ಪೂರ್ತಿ ಕೇಳ್ತೀನಿ. ಸರಿಹೋದರೆ ಕಾಯಂ," ಎಂದಿದ್ದರು ಅಲ್ಲಿನ ಮುಖ್ಯಸ್ಥೆ ರಮಾ ಮೇಡಂ.

ಪಾಠ ಸಂಜೆ ಹೊತ್ತು. ಹಾಲು ಕರೆಯುವುದೂ ಸಂಜೆ, ಮುದ್ದೆಗೆ ಎಸರಿಡುವುದೂ ಸಂಜೆ. ಅವೆರಡೂ ಸೊಸೆಯ ಕೆಲಸಗಳಾಗಿದ್ದವು. ಅತ್ತೆ ಅನುಸೂಯಮ್ಮ ತೀರ್ಮಾನ ಹೇಳಿದಳು.

"ಒಂದ್ ತಿಂಗ್ಳು ನಾನ್ ನೋಡ್ಕತೀನಿ ಕಣವ್ವ. ಕೆಲ್ಸ ಸಿಕ್ತು ಅಂದ್ರೆ ಆಮೇಕೂ ನೋಡಾನ. ಸಿಗ್ನಿಲ್ಲ ಅಂದ್ರೆ ಚೊಂಬು ಹಿಡ್ಕಂಡು ನೀನೇ ಕೊಟ್ಟಿಗೆಗೆ ಹೋಗು. ನನ್ ರಟ್ಟೆ ನನ್ ಮಾತೇ ಕೇಳಾಕಿಲ್ಲ ಈಗ."

ಮೊದಲ ವಾರದಲ್ಲೇ ತೊಂದರೆ ಶುರುವಾಯಿತು. ಪಾಠ ಅರ್ಧಕ್ಕೆ ಬರುವ ಹೊತ್ತಿಗೆ ಪರದೆಯ ಮೇಲಿನ ಮಕ್ಕಳು ಬಾಯಿ ತೆರೆದ ಹಾಗೆಯೇ ನಿಂತುಬಿಡುತ್ತಿದ್ದರು. ಆಮೇಲೆ ಒಬ್ಬೊಬ್ಬರಾಗಿ ಮಾಯ. ಸ್ವಲ್ಪ ಹೊತ್ತಿನ ಮೇಲೆ ನೆಟ್ ತಾನಾಗಿಯೇ ಬರುತ್ತಿತ್ತು. ಆದರೆ ಗಾಣದೆತ್ತಿನ ಹಾಗೆ ನಿಧಾನ. ಯಾವ ಗುಂಡಿ ಒತ್ತಬಾರದಿತ್ತೋ ಅದನ್ನು ತಾನೇ ಒತ್ತಿರಬೇಕು ಎಂದು ಶಿಲ್ಪಶ್ರೀ ಅಂದುಕೊಂಡಳು. ಕಂಪ್ಯೂಟರನ್ನು ಆರಿಸಿ ಹಚ್ಚಿದಳು. ಮುಂದಿನ ಹಜಾರದಲ್ಲಿ ಟೀವಿಯ ಮೇಲಿದ್ದ ವೈಫೈ ಡಬ್ಬಿಯನ್ನು ಆರಿಸಿ ಹಚ್ಚಿದಳು. ಡಬ್ಬಿಯಲ್ಲಿ ಹಸಿರು ದೀಪಗಳೆಲ್ಲ ನೆಟ್ಟಗೆ ಉರಿಯುತ್ತಿದ್ದವು.

ಕನೆಕ್ಷನ್ ಕೊಟ್ಟ ಕೇಬಲ್ ಸಂತೋಷನಿಗೆ ಫೋನು ಮಾಡಿದರೆ ಅವನದು ಒಂದೇ ಪ್ರಶ್ನೆ. "ಹಸಿರು ಲೈಟ್ ಐತಾ ಮೇಡಂ?"

"ಇದೆ."

"ಹಂಗಾದ್ರೆ ನಮ್ ಕಡೆಯಿಂದ ಸರಿ ಐತೆ."

ರಾತ್ರಿ ಊಟಕ್ಕೆ ಕೂತಾಗ ಅನುಸೂಯಮ್ಮ ಎಡಗೈಯಲ್ಲೇ ಸಾರು ಬಡಿಸಿದಳು. ಬಲಗೈ ಮೇಲೆತ್ತಲು ಆಗುತ್ತಿರಲಿಲ್ಲ.

"ಇವತ್ತಾದ್ರೂ ಬಂತಾ ನಿನ್ ನೆಟ್ಟು?" ಎಂದ ಚಿಕ್ಕಣ್ಣ.

"ಮಧ್ಯದಲ್ಲಿ ಹೋಯ್ತು ಮಾವ."

"ನಟ್ಟು ಹೋದ್ರೆ ಬೋಲ್ಟು ಲೂಸಾಯ್ತದೆ. ನಿನ್ ಗಂಡ ಅಂಗಡೀಲಿ ಅದ್ನೇ ಅಲ್ವಾ ಮಾರಾದು, ಒಂದ್ ತಂದಾಕ್ಲಿ."

ಅರುಣ್ ನಗಲಿಲ್ಲ. "ಕಂಪ್ಯೂಟರ್‌ನ ಹಜಾರಕ್ಕೇ ತಂದ್ರೆ ಆಯ್ತು ಕಣಪ್ಪ. ಡಬ್ಬಿ ಪಕ್ಕದಲ್ಲೇ ಇರತ್ತೆ."

"ಹಜಾರಕ್ಕಾ? ಬಂದೋರು ಹೋದೋರು ಎಲ್ಲಿ ಕೂರ್ಬೇಕ್ಲಾ? ನಾನ್ ಕೆಮ್ಮಿದ್ದೂ ಹಾಸನದ ಮಕ್ಳಿಗೆ ಕೇಳ್ಲಿ ಅಂತಾನಾ?"

"ಹಂಗಾದ್ರೆ ಗೋಡೆ ಕೊರ್ದು ವೈರ್ ಎಳ್ಯಾನ."

"ಅಪ್ಪಯ್ಯ ಕಟ್ಸಿದ್ ಮಣ್ಣಿನ್ ಗೋಡೆ. ಒಂದ್ ಮೊಳೆ ಹೊಡೆದ್ರೆ ಮಂಕರಿ ಮಣ್ಣು ಉದುರ್ತದೆ. ಕೊರೆಯೋ ಮಾತಾಡ್ಬೇಡ." ಚಿಕ್ಕಣ್ಣ ಮುದ್ದೆ ಮುರಿದು, ಹೊಸ ಗೋಡೆಯ ಕಡೆ ಗದ್ದ ತೋರಿಸಿದ. "ಅವ್ನ್ದೇ ಕೆಲ್ಸ ಇದು. ವೈರು ಅವ್ನ್ ಹೆಂಚಿನ್ ಮೇಲಿಂದ ತಾನೆ ಬಂದಿರಾದು? ಸಂಜೆ ಆದೇಟ್ಗೆ ಎಳೀತಾವ್ನೆ."

"ನೋಡಿದ್ದೀರಾ?" ಎಂದಳು ಅನುಸೂಯಮ್ಮ.

"ನೋಡ್ಬೇಕಾ? ನನ್ ತಮ್ಮ ಅಲ್ವಾ, ಗೊತ್ತು."

ಮರುದಿನ ಸಂಜೆ ಚಿಕ್ಕಣ್ಣ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು, ಕಡಲೆಕಾಯಿ ಹೊಲ ಕಾಯುವವನಂತೆ ವೈರನ್ನೇ ನೋಡುತ್ತ ಕೂತ. ಒಂದು ಕಾಗೆ ಬಂದು ಕೂತು ಹಾರಿಹೋಯಿತು. ಬೇರೆ ಯಾರೂ ವೈರು ಮುಟ್ಟಲಿಲ್ಲ. ಒಳಗೆ ನೆಟ್ ಮಾತ್ರ ಹೊತ್ತಿಗೆ ಸರಿಯಾಗಿ ಹೋಯಿತು.

ಈಗ ಶಿಲ್ಪಶ್ರೀಗೆ ಹೆದರಿಕೆಯ ಜೊತೆಗೆ ಕುತೂಹಲವೂ ಹತ್ತಿಕೊಂಡಿತು. ಕೆಟ್ಟುಹೋದ ವಸ್ತು ಹೀಗೆ ಹೊತ್ತು ನೋಡಿ ಕೆಡುತ್ತದೆಯೇ? ಅರುಣ್ ಕಂಪ್ಯೂಟರಿನ ಹಿಂದೆ ಸಿಕ್ಕಿಸುವ ವೈಫೈ ತುಂಡನ್ನು ಹೊಸದಾಗಿ ತಂದುಕೊಟ್ಟ. ಪ್ರಯೋಜನವಾಗಲಿಲ್ಲ. ಮೇಜನ್ನು ಕಿಟಕಿಯ ಹತ್ತಿರ ಎಳೆದು ನೋಡಿದಳು, ಮತ್ತೆ ಗೋಡೆಗೇ ತಂದಳು. ಗೋಡೆಯ ಪಕ್ಕದಲ್ಲೇ ಚೆನ್ನಾಗಿ ಬರುತ್ತಿತ್ತು, ಹೋಗುವವರೆಗೆ.

ಒಂದು ಸಂಜೆ ಪಾಠ ನಡೆಯುತ್ತಿದ್ದಾಗ ಇನ್ನೊಂದನ್ನು ಗಮನಿಸಿದಳು. ಒಂದೇ ಇಟ್ಟಿಗೆಯ ಆ ಗೋಡೆಯಾಚೆ ಚಿಕ್ಕತ್ತೆ, ತಮ್ಮಯ್ಯನ ಹೆಂಡತಿ ಗುರುಸಿದ್ದಮ್ಮನ ಮನೆಯ ಟೀವಿ ಸದಾ ಗುಂಯ್‌ಗುಡುತ್ತಿರುತ್ತಿತ್ತು. ಅದು ಟಪ್ಪನೆ ನಿಂತಿತು. ಶಿಲ್ಪಶ್ರೀ ಭಿನ್ನರಾಶಿಯ ಮಾತು ಮುಗಿಸುವಷ್ಟರಲ್ಲಿ ಮಕ್ಕಳೂ ನಿಂತರು. ಮರುದಿನವೂ ಹಾಗೆಯೇ: ಟೀವಿ ನಿಂತಿತು, ಗೋಡೆಯಾಚೆ ಬಕೆಟ್ಟಿನ ಹಿಡಿ ಸದ್ದು ಮಾಡಿತು, ನೆಟ್ ಹೋಯಿತು. ಯಾರಿಗಾದರೂ ಹೇಳೋಣವೆಂದರೆ, ಹೇಗೆ ಹೇಳುವುದು? ಪಕ್ಕದ ಮನೆಯವರು ಹಾಲು ಕರೆಯಲು ಹೋದರೆ ನಮ್ಮ ನೆಟ್ ಹೋಗುತ್ತದೆ ಎಂದರೆ ಮಾವ ದೊಣ್ಣೆ ತೆಗೆದುಕೊಂಡಾನು, ಗಂಡ ನಕ್ಕಾನು.

ಭಾನುವಾರ ಮಧ್ಯಾಹ್ನ ಅರುಣ್ ಹಜಾರದ ಫ್ಯಾನು ಬಿಚ್ಚಲು ಏಣಿ ಹತ್ತಿದ. "ಮೇನ್ ಆರ್ಸಿದೀನಿ ಕಣೇ," ಎಂದು ಅಲ್ಲಿಂದಲೇ ಕೂಗಿದ. ಕೋಣೆಯಲ್ಲಿ ಕಂಪ್ಯೂಟರಿನ ಬ್ಯಾಟರಿ ಪೆಟ್ಟಿಗೆ, ಯುಪಿಎಸ್, ಬೀಪ್ ಬೀಪ್ ಎನ್ನತೊಡಗಿತು. ಶಿಲ್ಪಶ್ರೀ ಮಕ್ಕಳು ಕಳಿಸಿದ ಲೆಕ್ಕಗಳನ್ನು ತಿದ್ದುತ್ತಿದ್ದವಳು ಬೇಗ ಬೇಗ ಇನ್ನೊಂದನ್ನು ತೆರೆದಳು. ತೆರೆಯಿತು. ಅದನ್ನು ತಿದ್ದಿ ವಾಪಸು ಕಳಿಸಿದಳು. ಹೋಯಿತು. ಆಗ ಅವಳ ಕೈ ನಿಂತಿತು.

ಎದ್ದು ಹಜಾರಕ್ಕೆ ಓಡಿದಳು. ಟೀವಿಯ ಮೇಲಿನ ಡಬ್ಬಿಯಲ್ಲಿ ಒಂದು ದೀಪವೂ ಇರಲಿಲ್ಲ.

"ರೀ, ನಿಮ್ಮ ಫೋನ್ ನೋಡಿ. ವೈಫೈ ಇದೆಯಾ?"

"ಕರೆಂಟಿಲ್ದೆ ಎಲ್ಲಿಂದ ಬರತ್ತೇ?"

"ನೋಡಿ ಅಂದೆ."

ಅರುಣ್ ಏಣಿಯ ಮೇಲೆ ನಿಂತೇ ಜೇಬಿನಿಂದ ಫೋನು ತೆಗೆದ. ನೋಡಿದ. ಕೆಳಗಿಳಿದು ಮತ್ತೆ ನೋಡಿದ. ಇಂಗ್ಲಿಷ್ ಅಕ್ಷರಗಳಲ್ಲಿ ದೊಡ್ಡಮನೆ ಎಂದಿತ್ತು. ಡಬ್ಬಿ ಸತ್ತಿತ್ತು, ನೆಟ್ ಬದುಕಿತ್ತು.

ಸಂತೋಷನಿಗೆ ಫೋನು ಮಾಡಿದಾಗ ಅವನು ಗುಟ್ಟೇನೂ ಮಾಡಲಿಲ್ಲ. "ಹೌದು ಮೇಡಂ, ಹೆಸರು ಏನಿಡ್ಲಿ ಅಂದ್ರೆ ಇಬ್ರೂ ದೊಡ್ಡಮನೆ ಅಂದ್ರು. ಪಾಸ್‌ವರ್ಡ್ ನಾನ್ ಊರಿಗೆಲ್ಲ ಒಂದೇ ಇಡಾದು, ಯಾರು ನೆನಪಿಟ್ಕತಾರೆ? ಅಣ್ಣತಮ್ಮಂದಿರ ಮಧ್ಯೆ ನಾನ್ಯಾಕ್ ಬಾಯಾಕ್ಲಿ?"

"ಅಂದ್ರೆ ನನ್ನ ಕಂಪ್ಯೂಟರಿಗೆ ಎರಡೂ ಒಂದೇ ಥರ ಕಾಣ್ತಿತ್ತಾ?"

"ಹೂಂ, ಯಾವ್ದು ಜೋರಾಗ್ ಸಿಕ್ತೋ ಅದ್ನ ಹಿಡ್ಕತದೆ. ಒಂದ್ರ ಹೆಸರು ಬದಲಾಯಿಸಿದ್ರೆ ಸರಿಹೋಯ್ತದೆ. ಆದ್ರೆ ಯಾರ್ದು ಬದಲಾಯಿಸ್ಲಿ? ಅವರಿಬ್ರೂ ಒಪ್ಪಿದ್ ದಿನ ಹೇಳಿ, ಬತ್ತೀನಿ."

ಈಗ ಎಲ್ಲ ಕೂಡಿಕೊಂಡಿತು. ಅವರ ಸ್ವಂತ ಡಬ್ಬಿ ಮುಂದಿನ ಹಜಾರದಲ್ಲಿ, ನಡುವೆ ಅಪ್ಪಯ್ಯನ ಕಾಲದ ಮಣ್ಣಿನ ಗೋಡೆ. ಚಿಕ್ಕಮಾವನ ಡಬ್ಬಿ ಇಟ್ಟಿಗೆ ಗೋಡೆಯ ಹಿಂಭಾಗದಲ್ಲೇ, ಆ ಟೀವಿಯ ಹತ್ತಿರ ಇರಬೇಕು. ಇಷ್ಟು ದಿನ ಶಿಲ್ಪಶ್ರೀ ಪಾಠ ಮಾಡಿದ್ದು ಆಚೆಮನೆಯ ನೆಟ್ಟಿನಲ್ಲಿ.

ಹೆಸರು ಬದಲಾಯಿಸುವ ಬಗೆ ಅವಳಿಗೆ ಗೊತ್ತಿತ್ತು, ಅಥವಾ ಗೊತ್ತಿದೆ ಎಂದುಕೊಂಡಿದ್ದಳು. ಮಾವನನ್ನು ಕೇಳದೆ ಮಾಡಲು ಮಾತ್ರ ಮನಸ್ಸು ಒಪ್ಪಲಿಲ್ಲ. ಮನೆಗೆ ಯಾರೇ ಬಂದರೂ ಚಿಕ್ಕಣ್ಣ ಅವರ ಫೋನು ಹೊರಗೆ ತೆಗೆಸಿ, "ದೊಡ್ಡಮನೆ ಅಂತ ಬತ್ತದೆ ನೋಡಿ, ಒತ್ತಿ," ಎನ್ನುತ್ತಿದ್ದ.

ಕಾಫಿ ಕೊಟ್ಟು ವಿಷಯ ಹೇಳಿದಳು. ಚಿಕ್ಕಣ್ಣನ ಲೋಟ ಕೈಯಲ್ಲೇ ಉಳಿಯಿತು.

"ಅವ್ನ್ ಮನೇದ್ರಲ್ಲಾ ನೀನ್ ಇಷ್ಟ್ ದಿನ ಪಾಠ ಮಾಡಿದ್ದು?"

"ಗೊತ್ತಿರಲಿಲ್ಲ ಮಾವ."

"ನಾನ್ ಇಲ್ಲಿ ಅವ್ನು ವೈರ್ ಎಳೀತಾವ್ನೆ ಅಂತ ಕಾಯ್ಕಂಡ್ ಕೂತಿದ್ದೆ!"

ಒಳಗಿನಿಂದ ಅನುಸೂಯಮ್ಮನ ನಗು ಕೇಳಿಸಿತು. ಅದು ಚಿಕ್ಕಣ್ಣನಿಗೆ ಇನ್ನಷ್ಟು ಚುಚ್ಚಿತು.

"ನಮ್ಮದಕ್ಕೆ ಬೇರೆ ಹೆಸರು ಇಟ್ಟರೆ ಸರಿಹೋಗತ್ತೆ ಮಾವ. ಮಾಮೂಲಿ ಒಂದು ಹೆಸರು. ಶುಕ್ರವಾರ ರಮಾ ಮೇಡಂ ಪಾಠಕ್ಕೆ ಕೂರ್ತಾರೆ."

"ನಮ್ಮದ್ಯಾಕೆ? ನಾನ್ ಹಿರೀಮಗ. ಅವ್ನು ಬದಲಾಯಿಸ್ಕಳ್ಲಿ. ಬಾಗ್ಲ ಮೇಲಿಂದು ಬಿಡಾಕಿಲ್ಲ, ಗಾಳೀಲಿರಾದೂ ಬಿಡಾಕಿಲ್ಲ." ಲೋಟ ಕೆಳಗಿಟ್ಟು ಎದ್ದು ಹೋದ.

ಹಾಗಾದರೆ ಆಚೆಮನೆಯವರನ್ನೇ ಕೇಳಬೇಕಾಯಿತು. ಮದುವೆಯಾಗಿ ಬಂದಾಗಿನಿಂದ ಶಿಲ್ಪಶ್ರೀ ಆ ಹೊಸ್ತಿಲು ದಾಟಿರಲಿಲ್ಲ. ಹೋಗಬೇಡ ಎಂದು ಯಾರೂ ಹೇಳಿರಲಿಲ್ಲ. ಹೋಗು ಎಂದೂ ಹೇಳಿರಲಿಲ್ಲ. ಅನುಸೂಯಮ್ಮ ಒಂದು ಬಟ್ಟಲು ಅವರೆಕಾಳು ಸೊಸೆಯ ಕೈಗೆ ಕೊಟ್ಟಳು. "ಬರಿಗೈಲಿ ಹೋಗ್ಬೇಡ. ನಾನ್ ಕಳ್ಸ್ದೆ ಅಂತ ಹೇಳ್ಬೇಡ."

ಗುರುಸಿದ್ದಮ್ಮ ಬಾಗಿಲು ತೆರೆದು, ಬಟ್ಟಲು ನೋಡಿ, "ಅಕ್ಕ ಕಳ್ಸಿದ್ಲಾ?" ಎಂದಳು.

"ಇಲ್ಲ ಚಿಕ್ಕತ್ತೆ."

"ಈ ಬಟ್ಲು ನನ್ ತವರಿಂದು ಕಣವ್ವ. ಭಾಗದಾಗೆ ಅಕ್ಕನ್ ಕಡೆಗೆ ಹೋಗಿತ್ತು. ಬಾ ಒಳಕ್ಕೆ."

ಶುಕ್ರವಾರದ ಪಾಠದವರೆಗೂ ಶಿಲ್ಪಶ್ರೀ ಹೇಳಿದ್ದನ್ನೆಲ್ಲ ಗುರುಸಿದ್ದಮ್ಮ ಕಣ್ಣರಳಿಸಿ ಕೇಳಿದಳು. "ಗೋಡೆ ದಾಟಿ ಬತ್ತದಾ ಅದು?"

"ಬರತ್ತೆ ಚಿಕ್ಕತ್ತೆ."

"ನಾವ್ ಮಾತಾಡಾದೂ ಅದ್ರಾಗೆ ನಿಮ್ಮನೇಗೆ ಬತ್ತದಾ?"

"ಅದು ಬರಲ್ಲ."

"ಸದ್ಯ, ಬದುಕ್ದೆ. ನಿಮ್ ಮಾವನ್ನ ದಿನಾ ಬೈತೀನಿ." ಆಮೇಲೆ ಅವಳೇ ವಿವರಿಸಿದಳು. ಒಂದು ಸಲ ಜಗಲಿಯ ಸ್ವಿಚ್ಚಿನ ಬೋರ್ಡಿನಿಂದ ಕಿಡಿ ಹಾರಿತ್ತು. ಅಂದಿನಿಂದ ಹಾಲು ಕರೆದು ಡೈರಿಗೆ ಹೋಗಿ ಬರುವವರೆಗೆ ಮನೆಯ ಸ್ವಿಚ್ಚುಗಳನ್ನೆಲ್ಲ ಆರಿಸಿಯೇ ಹೋಗುವುದು.

ಪಿಯುಸಿ ಓದುತ್ತಿದ್ದ ಮಗಳು ದಿವ್ಯಾ ಮುಂದಿನ ಕೋಣೆಯಿಂದ ಎದ್ದು ಬಂದಳು. "ಅತ್ತಿಗೆ, ಹಂಗಾದ್ರೆ ನಂದೂ ಇದೇ ಕಥೆ ಅನ್ಸತ್ತೆ. ಬೆಳಗಿನ ಜಾವ ಓದೋಕೆ ಕೂತ್ರೆ ಫೋನಲ್ಲಿ ವೀಡಿಯೊ ಸುತ್ತುತ್ತಾನೇ ಇರತ್ತೆ. ಬಿಸಿಲು ಬಂದ್ಮೇಲೆ ಸರಿಹೋಗತ್ತೆ. ಚಳಿಗೆ ಹಿಂಗಾಗತ್ತೇನೋ ಅಂದ್ಕೊಂಡಿದ್ದೆ."

ಶಿಲ್ಪಶ್ರೀ ಆ ಕೋಣೆಯನ್ನು ನೋಡಿದಳು. ಅದರ ಪಕ್ಕದಲ್ಲೇ ಇಟ್ಟಿಗೆ ಗೋಡೆ, ಗೋಡೆಯಾಚೆ ತಮ್ಮ ಹಜಾರ, ಟೀವಿ, ಡಬ್ಬಿ. "ಚಳಿಗಲ್ಲ ದಿವ್ಯಾ. ಮಾವ ಮಲಗೋಕೆ ಮುಂಚೆ ಡಬ್ಬಿ ಆರಿಸ್ತಾರೆ. ಬೆಳಗ್ಗೆ ಕಾಫಿ ಆದ ಮೇಲೆ ಹಾಕ್ತಾರೆ."

"ಅಂದ್ರೆ ನಾನು ದೊಡ್ಡಪ್ಪನ ನೆಟ್ಟಲ್ಲಿ ಓದ್ತಿದೀನಾ?"

"ನಾನು ನಿಮ್ಮದರಲ್ಲಿ ಪಾಠ ಮಾಡ್ತಿದೀನಿ."

ಇಬ್ಬರೂ ನಗುವಷ್ಟರಲ್ಲಿ ತಮ್ಮಯ್ಯ ಒಳಗೆ ಬಂದ. ಕೇಳಿದ. ಅಣ್ಣನ ಮುಖದಲ್ಲಿ ಕಂಡದ್ದೇ ಅವನ ಮುಖದಲ್ಲೂ ಕಂಡಿತು. ಹುಬ್ಬು ಮೇಲೆ ಹೋಗುವ ರೀತಿಯೂ ಅದೇ.

"ದೇವರ ಕೋಣೆ ಇರಾದು ಇಲ್ಲಿ. ದೊಡ್ಡಮನೆ ಅಂದ್ರೆ ಇದು. ನಾವ್ಯಾಕ್ ಬದಲಾಯ್ಸಾನ? ನಿಮ್ ಮಾವಂಗ್ ಹೇಳು."

"ಹೇಳಿದೆ ಚಿಕ್ಕಮಾವ. ಅವರೂ ಇದನ್ನೇ ಅಂದ್ರು."

"ಅಂತಾನೆ. ಅವ್ನ್ ಅಲ್ದೆ ಇನ್ಯಾರ್ ಅಂತಾರೆ?" ಎಂದು ತಮ್ಮಯ್ಯ ಹಿತ್ತಿಲಿಗೆ ನಡೆದ.

ಗುರುಸಿದ್ದಮ್ಮ ಬಟ್ಟಲನ್ನು ತೊಳೆದು, ಒಳಗೆ ಒಂದಚ್ಚು ಬೆಲ್ಲವಿಟ್ಟು ವಾಪಸು ಕೊಟ್ಟಳು. "ಬಟ್ಲು ಅಲ್ಲೇ ಇರ್ಲಿ ಬಿಡು," ಎಂದಳು. ಕೇಳಬೇಕೆಂದಿದ್ದ ಒಂದು ಮಾತನ್ನು ಶಿಲ್ಪಶ್ರೀ ಕೇಳದೆಯೇ ಬಂದಳು: ಶುಕ್ರವಾರ ಒಂದು ದಿನ ಸ್ವಿಚ್ಚು ಆರಿಸಬೇಡಿ. ಕಿಡಿ ಹಾರಿದ ಮನೆಯವರಿಗೆ ಅದನ್ನು ಹೇಗೆ ಕೇಳುವುದು?

ಶುಕ್ರವಾರ ಸಂಜೆ ಅನುಸೂಯಮ್ಮ ಚೊಂಬು ಹಿಡಿದು ಕೊಟ್ಟಿಗೆಗೆ ಹೊರಟವಳು ಕೋಣೆಯೊಳಗೆ ಇಣುಕಿದಳು. "ತಿಂಗ್ಳು ಆಗ್ತಾ ಬಂತು ಕಣವ್ವ," ಎಂದಳು. ದನಿಯಲ್ಲಿ ಕೋಪವಿರಲಿಲ್ಲ, ಭುಜವನ್ನು ಮಾತ್ರ ಒತ್ತಿಕೊಳ್ಳುತ್ತಿದ್ದಳು.

ಪರದೆಯ ಮೇಲೆ ಮಕ್ಕಳು ಬಂದರು. ಒಂದು ಮೂಲೆಯ ಚೌಕದಲ್ಲಿ ಕನ್ನಡಕ ಹಾಕಿದ ರಮಾ ಮೇಡಂ. ಶಿಲ್ಪಶ್ರೀ ಹೋಳಿಗೆಯ ಚಿತ್ರ ಬರೆದು ನಡುವೆ ಗೆರೆ ಎಳೆದಳು.

"ಒಂದು ಹೋಳಿಗೆ. ಇಬ್ಬರಿಗೆ ಸಮ ಪಾಲು. ಒಬ್ಬೊಬ್ಬರಿಗೆ ಎಷ್ಟು?"

"ಅರ್ಧ ಮಿಸ್," ಎಂದರು ಮಕ್ಕಳು.

"ಸುಳ್ಳು ಮಿಸ್," ಎಂದಿತು ಒಂದು ಹುಡುಗಿ. "ದೊಡ್ಡದು ಯಾವಾಗ್ಲೂ ನಮ್ಮಣ್ಣಂಗೇ."

ರಮಾ ಮೇಡಂ ನಕ್ಕರು. ಅಷ್ಟರಲ್ಲಿ ಗೋಡೆಯಾಚೆ ಟೀವಿ ಟಪ್ಪನೆ ನಿಂತಿತು.

ಶಿಲ್ಪಶ್ರೀಯ ಕೈಯಲ್ಲಿದ್ದ ಪೆನ್ನು ಹಾಗೆಯೇ ನಿಂತಿತು. ಬಕೆಟ್ಟಿನ ಹಿಡಿ ಸದ್ದಾಯಿತು. ಹಿತ್ತಿಲ ಬಾಗಿಲು ಕಿರ್ರೆಂದಿತು. ಅವಳು ಪರದೆಯನ್ನೇ ನೋಡಿದಳು. ಈಗ ನಿಲ್ಲುತ್ತಾರೆ, ಈಗ. ಹುಡುಗಿ ಮೂಗು ಕೆರೆದುಕೊಂಡಳು. ಒಬ್ಬ ಹುಡುಗ ಆಕಳಿಸಿದ. ರಮಾ ಮೇಡಂ ಕನ್ನಡಕ ಸರಿಮಾಡಿಕೊಂಡರು.

"ಮಿಸ್, ನೀವ್ ಸ್ಟಕ್ ಆಗಿದೀರಾ?" ಎಂದಿತು ಹುಡುಗಿ.

"ಇಲ್ಲ," ಎಂದಳು ಶಿಲ್ಪಶ್ರೀ. "ಇಲ್ಲೇ ಇದೀನಿ. ಈಗ ಎರಡು ಅರ್ಧವನ್ನ ಕೂಡಿಸೋಣ."

ಪಾಠ ಕೊನೆಯವರೆಗೂ ನಡೆಯಿತು. ಮಕ್ಕಳು ಹೋದ ಮೇಲೆ ರಮಾ ಮೇಡಂ ಉಳಿದರು. "ಪಾಠ ಚೆನ್ನಾಗಿದೆ, ಅದು ನಂಗೆ ಮೊದಲ ವಾರವೇ ಗೊತ್ತಿತ್ತು. ಲೈನ್ ಬಗ್ಗೆ ಮಾತ್ರ ಅನುಮಾನ ಇತ್ತು. ಸೋಮವಾರದಿಂದ ಇನ್ನೊಂದು ಬ್ಯಾಚ್ ತಗೊಳ್ಳಿ," ಎಂದರು.

ಹೊರಗೆ ಬಂದಾಗ ಡೈರಿಯಿಂದ ಮರಳುತ್ತಿದ್ದ ಗುರುಸಿದ್ದಮ್ಮ ಖಾಲಿ ಕ್ಯಾನು ಹಿಡಿದು ಅಂಗಳ ದಾಟುತ್ತಿದ್ದಳು. ಅವರ ಜಗಲಿಯಲ್ಲಿ ತಮ್ಮಯ್ಯ, ಸ್ವಿಚ್ ಬೋರ್ಡಿಗೆ ಎದುರಾಗಿ ಕುರ್ಚಿ ಹಾಕಿಕೊಂಡು ಕೂತಿದ್ದ. ಅವನು ಆ ಹೊತ್ತಿನಲ್ಲಿ ಮನೆಯಲ್ಲಿ ಇದ್ದದ್ದನ್ನು ಶಿಲ್ಪಶ್ರೀ ಎಂದೂ ನೋಡಿರಲಿಲ್ಲ.

"ಡಬ್ಬಿ ಸ್ವಿಚ್ಚೊಂದ್ ಆರ್ಸ್ನಿಲ್ಲ, ಕಿಡಿಗಿಡಿ ಹಾರೀತು ಅಂತ ಇವ್ರ್ನ ಕಾಯಾಕ್ ಕೂರ್ಸಿದ್ದೆ," ಎಂದಳು ಗುರುಸಿದ್ದಮ್ಮ, ಯಾರಿಗೋ ಹೇಳುವಂತೆ. "ಆಯ್ತಾ ಪಾಠ?"

"ಆಯ್ತು ಚಿಕ್ಕತ್ತೆ. ಕೆಲಸ ಸಿಕ್ತು."

ರಾತ್ರಿ ಮುದ್ದೆ ಉಣ್ಣುವಾಗ ಅನುಸೂಯಮ್ಮ ಗಂಡನಿಗೆ ಅದೆಲ್ಲವನ್ನೂ ಒಂದೂ ಬಿಡದೆ ಹೇಳಿದಳು. ದಿವ್ಯಾಳ ಬೆಳಗಿನ ಓದಿನ ವಿಷಯವನ್ನೂ ಸೇರಿಸಿದಳು.

"ನಾನ್ ವೈರ್ ಕಾಯ್ದೆ, ಅವ್ನು ಬೋರ್ಡ್ ಕಾಯ್ದ್ನಾ?" ಎಂದ ಚಿಕ್ಕಣ್ಣ.

"ಹೂಂ. ಕೆಲ್ಸ ಆಗಿದ್ದು ಅವ್ನ್ ಕಾಯ್ದಿದ್ರಿಂದ."

ಚಿಕ್ಕಣ್ಣ ತುತ್ತು ನುಂಗಿ ಸಾರು ಸಾಲದು ಎಂದ. ಕೈ ತೊಳೆದುಕೊಂಡು, ದಿನದ ವಾಡಿಕೆಯಂತೆ ಟೀವಿ ಆರಿಸಿದ. ಡಬ್ಬಿಯ ಸ್ವಿಚ್ಚಿನ ಮೇಲೆ ಕೈಯಿಟ್ಟ. ಹಸಿರು ದೀಪಗಳನ್ನು ನೋಡಿದ. ಕೈ ಹಿಂದಕ್ಕೆ ತೆಗೆದು, "ಆ ಹುಡ್ಗಿ ಬೆಳಗ್ಗೆ ಎಷ್ಟೊತ್ಗೆ ಏಳ್ತಾಳೆ?" ಎಂದ. ಯಾರೂ ಉತ್ತರ ಹೇಳುವ ಮೊದಲೇ ಮಲಗಲು ಹೋದ.

ಕೆಲವು ದಿನ ಕಳೆದು, ಬೇರೆ ಯಾರದೋ ಮನೆಗೆ ಬಂದಿದ್ದ ಸಂತೋಷ ಇಲ್ಲಿಗೂ ಬಂದ. ಚಿಕ್ಕಣ್ಣ ಅಂಗಳದಲ್ಲಿ ತೆಂಗಿನಕಾಯಿ ಸುಲಿಯುತ್ತಿದ್ದ. ತಮ್ಮಯ್ಯ ತನ್ನ ಜಗಲಿಯಲ್ಲಿ ಹಗ್ಗ ಹೊಸೆಯುತ್ತಿದ್ದ. ಸಂತೋಷ ಇಬ್ಬರಿಗೂ ನಡುವೆ ನಿಂತು ಫೋನು ತೆಗೆದ.

"ಹೆಸರು ಬದಲಾಯಿಸ್ಬೇಕು ಅಂತಿದ್ರಂತೆ. ಯಾರ್ದು ಬದಲಾಯಿಸ್ಲಿ?"

ಶಿಲ್ಪಶ್ರೀ ಬಾಗಿಲಿಗೆ ಬಂದು ನಿಂತಳು. ಹಗ್ಗ ಹೊಸೆಯುವ ಕೈ ನಿಂತಿತು. ಚಿಕ್ಕಣ್ಣ ಕಾಯಿಯನ್ನು ತಿರುಗಿಸಿ ನೋಡಿದ.

"ನಿನ್ ಫೋನಾಗೆ ಎಷ್ಟ್ ದೊಡ್ಡಮನೆ ಕಾಣ್ತಾವ್ಲಾ?"

ಸಂತೋಷ ಪರದೆ ಉಜ್ಜಿ ನೋಡಿದ. "ಡಬ್ಬಿ ಎಲ್ಡಿದ್ರೂ ಹೆಸರು ಒಂದೇ ಕಾಣಾದು ಚಿಕ್ಕಣ್ಣೋರೆ."

ಚಿಕ್ಕಣ್ಣ ತಮ್ಮನ ಕಡೆ ನೋಡದೆ, ಆದರೆ ಅವನಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದ.

"ಒಂದೇ ಕಾಣ್ತೈತಲ್ಲ, ಇರ್ಲಿ ಬಿಡು."

ಜಗಲಿಯಲ್ಲಿ ಹಗ್ಗ ಮತ್ತೆ ತಿರುಗತೊಡಗಿತು.